ಕಿಟಕಿಯಾಚೆಯ ಅಶೋಕ

ಪಾಠ ಹೇಳುವವನಿಗೆ ತರಗತಿಯ ಕಿಟಕಿಯಷ್ಟು ಉಪಕಾರಿಯಾದ ವಸ್ತು ಮತ್ತೊಂದಿಲ್ಲ. ಹೇಳಬೇಕಾದ ಮಾತು ನಡುವೆಯೇ ಕೈಕೊಟ್ಟಾಗ ಅದರಾಚೆಗೆ ದೃಷ್ಟಿ ಹಾಯಿಸಿ, ಗಹನವಾದುದೇನನ್ನೋ ಚಿಂತಿಸುತ್ತಿರುವವನಂತೆ ನಿಂತುಬಿಡಬಹುದು; ವಿದ್ಯಾರ್ಥಿಗಳು ಗೌರವದಿಂದ ಕಾಯುತ್ತಾರೆ. ಆನೇಕಲ್ಲಿನಲ್ಲಿ ನಾನು ಕನ್ನಡ ಬೋಧಿಸುವ ಕಾಲೇಜಿನ ಕಿಟಕಿಯಾಚೆ, ಕಾಂಪೌಂಡಿನ ಗೋಡೆಯ ಉದ್ದಕ್ಕೂ, ಹನ್ನೆರಡು ಅಶೋಕದ ಮರಗಳಿವೆ. ಇವೆ ಎಂದು ಎಂಟು ವರ್ಷ ನಂಬಿದ್ದೆ. ಕವಾಯತಿಗೆ ನಿಂತ ಪೋಲೀಸಿನವರಂತೆ ನೆಟ್ಟಗೆ ನಿಂತು, ಎಲೆಗಳನ್ನು ಕೆಳಮುಖವಾಗಿ ಇಳಿಬಿಟ್ಟುಕೊಂಡು, ಜಿಗಣಿಗೂ ಬೊಮ್ಮಸಂದ್ರಕ್ಕೂ ಅತ್ತಿಬೆಲೆಗೂ ಕಾರ್ಖಾನೆಯ ಜನರನ್ನು ಹೊತ್ತೋಡುವ ಬಸ್ಸುಗಳ ಧೂಳನ್ನು ಅವು ಒಂದಿಷ್ಟು ತಡೆಯುತ್ತವೆ. ಮರಗಳ ವಿಷಯದಲ್ಲಿ ನನಗಿದ್ದ ಜ್ಞಾನ ಇಷ್ಟೇ.

ಪ್ರತಿವರ್ಷವೂ ಕಾವ್ಯಮೀಮಾಂಸೆಯ ಪಾಠದಲ್ಲಿ ಕವಿಸಮಯದ ಪ್ರಸ್ತಾಪ ಬರುತ್ತದೆ. ವಾಚಕರಿಗೆ ತಿಳಿದ ಸಂಗತಿಯೇ: ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ, ಚಕೋರ ಬೆಳದಿಂಗಳನ್ನು ಕುಡಿಯುತ್ತದೆ, ಅಶೋಕವೃಕ್ಷ ಸುಂದರಿಯೊಬ್ಬಳ ಪಾದದ ಒದೆತ ಬೀಳದೆ ಹೂ ಬಿಡುವುದಿಲ್ಲ. ಮರದ ಈ ಬಯಕೆಗೆ ದೋಹದವೆಂದು ಹೆಸರು. ಬಸುರಿಯ ಬಯಕೆಗೂ ಅದೇ ಹೆಸರು. ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿ ರಾಣಿ ಧಾರಿಣಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡಿರುವುದರಿಂದ, ಅರಮನೆಯ ತೋಟದ ಅಶೋಕಕ್ಕೆ ಒದೆಯುವ ಕೆಲಸ ಮಾಲವಿಕೆಯ ಪಾಲಿಗೆ ಬರುತ್ತದೆ. ಮರೆಯಲ್ಲಿ ನಿಂತ ರಾಜ ಅದನ್ನು ನೋಡುತ್ತಾನೆ, ಮುಂದಿನದು ಹೇಳಬೇಕಾಗಿಲ್ಲ. ಇಲ್ಲಿಗೆ ಬಂದೊಡನೆ ನಾನು ಕಿಟಕಿಯತ್ತ ಕೈಮಾಡಿ, "ಅಗೋ, ಆ ಮರವೇ. ನಮ್ಮ ಕಾಲೇಜಿನಲ್ಲಿ ಅದು ಹೂ ಬಿಟ್ಟದ್ದನ್ನು ನಾನು ಕಂಡಿಲ್ಲ. ತಪ್ಪು ಮರದ್ದೋ, ಒದೆಯುವವರದ್ದೋ, ನೀವೇ ಯೋಚಿಸಿ" ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು, ಹುಡುಗಿಯರು ನಗದಂತೆ ನಟಿಸುತ್ತಿದ್ದರು. ಎಂಟು ವರ್ಷ ಈ ಒಂದೇ ಹಾಸ್ಯವನ್ನು ಖರ್ಚುಮಾಡಿಕೊಂಡು ಬಂದೆ.

ಒಂಬತ್ತನೆಯ ವರ್ಷ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಶಿರಸಿಯ ಕಡೆಯವಳು, ತಂದೆ ಇಲ್ಲಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದು ನೆಲೆಸಿದವರು.

"ಸಾರ್, ಅದು ಅಶೋಕ ಅಲ್ಲ."

"ಮತ್ತೆ?"

"ಅದೆಂಥದೋ ಗೊತ್ತಿಲ್ಲ ಸಾರ್. ಆದ್ರೆ ಅಶೋಕ ಅಲ್ಲ. ನಮ್ಮಜ್ಜನ ಮನೆ ತೋಟದ ಕೆಳಗೆ, ಹಳ್ಳದ ಬದಿ, ಒಂದು ಇತ್ತು. ಹೂವು ಕೊಂಬೆಗೇ ಕಚ್ಚಿಕೊಂಡು ಗೊಂಚಲು ಗೊಂಚಲು ಬಿಡ್ತದೆ, ಕೇಸರಿ ಬಣ್ಣ. ಅದಕ್ಕೆ ಯಾರೂ ಒದೀಬೇಕಾಗಿಲ್ಲ. ಇದಕ್ಕೆ ಯಾರು ಒದ್ರೂ ಬಿಡೂದಿಲ್ಲ."

ತರಗತಿ ನಕ್ಕಿತು. ಈ ಸಲ ಹುಡುಗಿಯರೂ ಬಾಯಿತುಂಬ ನಕ್ಕರು.

ಬಿಡುವಿನ ವೇಳೆಯಲ್ಲಿ ಸಸ್ಯಶಾಸ್ತ್ರದ ಸಹೋದ್ಯೋಗಿಯನ್ನು ಹಿಡಿದೆ. ಅವರು ಕಾಫಿಯ ಲೋಟವನ್ನು ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು. "ಸ್ವಾಮಿ, ನಿಮ್ಮ ಕಿಟಕಿಯಾಚೆಯದು ಪಾಲಿಯಾಲ್ಥಿಯ. ಸೀತಾಫಲದ ನೆಂಟ. ಹೂ ಬಿಡುತ್ತದೆ, ತೆಳುಹಸಿರು ನಕ್ಷತ್ರದ ಹಾಗೆ. ಎಲೆಯ ನಡುವೆ ಇರುವುದರಿಂದ ನಿಮಗೆ ಕಂಡಿಲ್ಲ. ನಿಮ್ಮ ಕಾಳಿದಾಸನ ಅಶೋಕ ಬೇರೆ, ಅದು ಹುಣಿಸೆಯ ನೆಂಟ" ಎಂದರು. ಪುಸ್ತಕ ತೆಗೆದು ಚಿತ್ರ ತೋರಿಸಿದರು. ನಿಜವಾದ ಅಶೋಕ ಎತ್ತರದ ಮರವಲ್ಲ. ಪಶ್ಚಿಮಘಟ್ಟದಂಥ ಕಡೆ ಹಳ್ಳತೊರೆಗಳ ದಂಡೆಯ ನೆರಳಿನಲ್ಲಿ ಬೆಳೆಯುವ, ಕೊಡೆಯಂತೆ ಹರಡಿದ ನಿತ್ಯಹಸುರಿನ ಮರ. ಒಂದು ಕಡ್ಡಿಗೆ ಹಲವು ಜೋಡಿ ಕಿರುಎಲೆಗಳು. ಹೂವಿಗೆ ದಳಗಳೇ ಇಲ್ಲವಂತೆ. ನಾವು ದಳವೆಂದುಕೊಳ್ಳುವುದು ಪುಷ್ಪಪಾತ್ರೆಯ ಎಸಳು. ಹಳದಿಯಾಗಿ ಅರಳಿ, ಕೇಸರಿಯಾಗಿ, ಬಾಡುವ ಹೊತ್ತಿಗೆ ಕೆಂಪಾಗುತ್ತದೆ. ಮನ್ಮಥನ ಐದು ಬಾಣಗಳಲ್ಲಿ ಒಂದೆಂದು ನಾನು ಕಂಠಪಾಠ ಮಾಡಿದ್ದ ಹೂವು ಇದು. ಎದುರು ಬಂದು ನಿಂತರೆ ಗುರುತು ಹತ್ತುತ್ತಿರಲಿಲ್ಲ.

ಹೆಸರಿನ ಗೊಂದಲ ನನಗೊಬ್ಬನಿಗೇ ಆದದ್ದಲ್ಲವೆಂಬುದು ಆಮೇಲೆ ತಿಳಿದ ಸಮಾಧಾನ. 'ಶಾಕುಂತಲ'ವನ್ನು 1789ರಲ್ಲಿ ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸರ ಗೌರವಾರ್ಥವಾಗಿ ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಈ ಮರಕ್ಕೆ 'ಜೋನೇಸಿಯ ಅಸೋಕ' ಎಂದು ಹೆಸರಿಟ್ಟಿದ್ದನು. ಅದಕ್ಕೂ ಮುಂಚೆ ಲಿನೇಯಸ್ ಇಟ್ಟಿದ್ದ 'ಸರಾಕ' ಎಂಬುದೇ ನಿಂತಿತು. ಆಮೇಲೆ ಬಹುಕಾಲ ನಮ್ಮ ಪುಸ್ತಕಗಳು ಇದನ್ನು 'ಸರಾಕ ಇಂಡಿಕ' ಎಂದವು. ಆ ಹೆಸರು ಆಗ್ನೇಯ ಏಷ್ಯದ ಇದರ ದಾಯಾದಿಗೆ ಸೇರಿದ್ದೆಂದು ತಿಳಿದ ಮೇಲೆ ನಮ್ಮದು 'ಸರಾಕ ಅಸೋಕ' ಆಯಿತು. ಪಂಡಿತರೇ ಹೀಗೆ ಎಡವಿದಾಗ ಪಾಮರನಾದ ನನ್ನ ಪಾಡೇನು!

ಆದರೆ ಅಂದು ಸಂಜೆ ಮನೆಗೆ ನಡೆದು ಹೋಗುವಾಗ ಈ ಸಮಾಧಾನ ಉಳಿದಿರಲಿಲ್ಲ. ಆನೇಕಲ್ಲಿನ ಹಳೆಯ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಮಗ್ಗದ ಸದ್ದು ಇನ್ನೂ ಕೇಳುತ್ತದೆ. ಆ ಸದ್ದಿನ ಲಯಕ್ಕೆ ಒಂದೇ ಮಾತು ನನ್ನ ತಲೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ನಮ್ಮ ಅಡಿಗೆಯ ಮನೆಯ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿಯಿತ್ತು. ಅದರ ಮೇಲೆ ನನ್ನದೇ ಅಕ್ಷರದಲ್ಲಿ 'ಅಶೋಕ' ಎಂದು ಬರೆದಿತ್ತು.

ಸ್ವಂತದ ಮಾತನ್ನು ಪತ್ರಿಕೆಯಲ್ಲಿ ಹೇಳಿಕೊಳ್ಳುವುದು ಸಂಕೋಚದ ವಿಷಯ. ಆದರೂ ಅದನ್ನು ಬಿಟ್ಟರೆ ಈ ಕಥೆ ಅರ್ಥವಾಗದು. ಈ ತರಗತಿಯ ಪ್ರಸಂಗಕ್ಕೆ ಎರಡು ವರ್ಷ ಮೊದಲು ನನ್ನಾಕೆಗೆ ನಾಲ್ಕನೆಯ ತಿಂಗಳಿನಲ್ಲಿ ಗರ್ಭ ನಿಲ್ಲದೆ ಹೋಯಿತು. ಆಮೇಲೆ ಪ್ರತಿ ತಿಂಗಳೂ ರಕ್ತಸ್ರಾವ ಮಿತಿಮೀರತೊಡಗಿತು. ನನ್ನ ತಾಯಿ, "ಅಶೋಕದ ಚಕ್ಕೆ ತಂದು ಹಾಲಿನಲ್ಲಿ ಕಾಯಿಸಿ ಕೊಡಪ್ಪ. ನಮ್ಮಮ್ಮ ಊರಿಗೆಲ್ಲ ಅದನ್ನೇ ಕೊಡ್ತಿದ್ದರು" ಎಂದರು. ಬೆಂಗಳೂರಿನ ಪೇಟೆಯಲ್ಲಿ ಗ್ರಂಧಿಗೆ ಅಂಗಡಿಯೊಂದಕ್ಕೆ ಹೋಗಿ ಚಕ್ಕೆ ಕೇಳಿದೆ. ಅಂಗಡಿಯವನು ಗೋಣಿಚೀಲದಿಂದ ತೆಗೆದು ತೂಗಿಕೊಟ್ಟನು. ಕಂದು ಬಣ್ಣದ, ಸುರುಳಿಸುತ್ತಿದ ತೊಗಟೆ. ಅದನ್ನು ಮನೆಗೆ ತಂದು ನಾನೊಂದು ಉಪನ್ಯಾಸವನ್ನೂ ಕೊಟ್ಟೆ: ಶೋಕವಿಲ್ಲದ್ದು ಅಶೋಕ, ಲಂಕೆಯಲ್ಲಿ ಸೀತಾದೇವಿಗೆ ನೆರಳಾದದ್ದು ಇದೇ ವೃಕ್ಷ. ನನ್ನಾಕೆ ಲೋಟವನ್ನು ಕೈಯಲ್ಲಿ ಹಿಡಿದು, "ಸೀತೆ ಅದರ ಕೆಳಗೆ ಕೂತು ಅತ್ತದ್ದು ಬರೆದಿದೆ. ನಕ್ಕದ್ದು ಎಲ್ಲಿ ಬರೆದಿದೆ, ಹೇಳಿ?" ಎಂದಳು, ಎಂದರೂ ಮುಖ ಸಿಂಡರಿಸಿಕೊಂಡು ಕುಡಿದಳು. ಹೀಗೆ ಮೂರು ತಿಂಗಳು. ನಾಲ್ಕನೆಯ ತಿಂಗಳಿನಲ್ಲಿ ಒಂದು ಬೆಳಿಗ್ಗೆ ಚಂದಾಪುರದ ಬಸ್ಸಿಗೆ ಕಾಯುತ್ತ ನಿಂತವಳು ಅಲ್ಲಿಯೇ ಕುಸಿದು ಕುಳಿತಳು. ಪರೀಕ್ಷಿಸಿದ ವೈದ್ಯೆ, "ಮೈಯಲ್ಲಿ ಅರ್ಧ ರಕ್ತವೂ ಇಲ್ಲ. ಓದಿದವರು ನೀವು, ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ನನ್ನನ್ನೇ ಕೇಳಿದರು. ಕಬ್ಬಿಣದ ಚುಚ್ಚುಮದ್ದು, ಗರ್ಭಕೋಶದೊಳಗಿದ್ದ ಸಣ್ಣ ಗಡ್ಡೆಯೊಂದಕ್ಕೆ ಶಸ್ತ್ರಚಿಕಿತ್ಸೆ, ಆರು ತಿಂಗಳ ವಿಶ್ರಾಂತಿ, ಚೇತರಿಸಿಕೊಂಡಳು. ಚಕ್ಕೆಯ ಡಬ್ಬಿ ಅಟ್ಟ ಸೇರಿತು.

ಸಹೋದ್ಯೋಗಿಗಳು ಮಾರನೆಯ ದಿನ ಕೆಲವು ಹಾಳೆಗಳನ್ನು ತಂದುಕೊಟ್ಟರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ, 'ಏಟ್ರೀ' ಎಂದು ಪ್ರಸಿದ್ಧವಾದ ಅಶೋಕ ಟ್ರಸ್ಟ್ (ಹೆಸರನ್ನು ಗಮನಿಸಬೇಕು!), ಕೆನಡದ ಗ್ವೆಲ್ಫ್ ವಿಶ್ವವಿದ್ಯಾನಿಲಯ ಮೊದಲಾದೆಡೆಗಳ ವಿಜ್ಞಾನಿಗಳು ಸೇರಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಬಹುಮಟ್ಟಿಗೆ ದಕ್ಷಿಣ ಭಾರತದ 25 ಅಂಗಡಿಗಳಿಂದ ಅಶೋಕದ ಚಕ್ಕೆಯೆಂದು ಮಾರುವುದನ್ನು ಕೊಂಡು ಪರೀಕ್ಷಿಸಿದ್ದರು. ಅವುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಅಶೋಕವೇ ಅಲ್ಲ. ಕಡಮೆಯೆಂದರೂ ಏಳು ಬೇರೆ ಬೇರೆ ಸಸ್ಯಕುಟುಂಬಗಳ ತೊಗಟೆಗಳು. ಕಾರಣ ಸರಳವಾಗಿದೆ. ಔಷಧಕ್ಕಾಗಿ ತೊಗಟೆ ಸುಲಿದೂ ಸುಲಿದೂ ಕಾಡಿನ ಅಶೋಕ ಕಡಮೆಯಾಗಿದೆ. 1998ರಲ್ಲಿಯೇ ಅದನ್ನು ಅಳಿವಿನ ಭಯವಿರುವ ಸಸ್ಯಗಳ ಅಂತಾರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿಸಿದ್ದರು. ಮರ ಕಡಮೆಯಾಯಿತು, ಗಿರಾಕಿ ಕಡಮೆಯಾಗಲಿಲ್ಲ. ಚೀಲ ತುಂಬಲೇಬೇಕಷ್ಟೆ.

ಮೂರು ದಿನ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆ. ನಾಲ್ಕನೆಯ ದಿನ ಊಟದ ಹೊತ್ತಿನಲ್ಲಿ ನನ್ನಾಕೆಗೆ ಹೇಳಿದೆ. ಆಕೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿಟ್ಟಳು.

"ಹಾಗಾದರೆ ಮೂರು ತಿಂಗಳು ನಾನು ಕುಡಿದದ್ದು ಏನು?"

ಆ ಪ್ರಶ್ನೆಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಶಿವಮೊಗ್ಗದ ಕಡೆಯ ಗೆಳೆಯನೊಬ್ಬ ಈಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಸ್ಯಗಳ ವಂಶವಾಹಿಯ ಸಂಶೋಧನೆಯಲ್ಲಿದ್ದಾನೆ. ಡಬ್ಬಿಯನ್ನು ಹಿಡಿದುಕೊಂಡು ಅವನ ಬಳಿಗೆ ಹೋದೆ. ಅವನು ಚಕ್ಕೆಯ ಒಂದು ತುಂಡನ್ನು ಮೂಸಿ, "ಜೀವಂತ ಮರವಾದರೆ ನಿನ್ನ ಶಿಷ್ಯೆಯೇ ಹೇಳುತ್ತಾಳೆ; ಎಲೆ ನೋಡಿದರೆ ಸಾಕು. ಒಣಗಿದ ತೊಗಟೆಗೆ ಎಲೆಯಿಲ್ಲ, ಹೂವಿಲ್ಲ. ಒಳಗಿನ ಬರಹವನ್ನೇ ಓದಬೇಕು ಮಾರಾಯ" ಎಂದನು.

ಬರಹ ಎಂದೊಡನೆ ನನಗೆ ಧೈರ್ಯ ಬಂದಿತು. ಜೀವಕೋಶದೊಳಗಿನ ಡಿ.ಎನ್.ಎ. ನಾಲ್ಕೇ ಅಕ್ಷರಗಳ ಗ್ರಂಥ. ಪಂಪಭಾರತದ್ದೋ ಗದಾಯುದ್ಧದ್ದೋ ಎಂದು ತಿಳಿಯದ ಒಂಟಿ ಓಲೆಗರಿ ಕೈಗೆ ಸಿಕ್ಕಿದಾಗ ನಾವೇನು ಮಾಡುತ್ತೇವೆ? ಗುರುತಿರುವ ಒಂದು ಪದ್ಯವನ್ನು ಅದರಲ್ಲಿ ಹುಡುಕುತ್ತೇವೆ. ಇವರೂ ಮಾಡುವುದು ಅದನ್ನೇ. ಎಲ್ಲ ಗಿಡಗಳಲ್ಲಿಯೂ ಇದ್ದು, ಜಾತಿಯಿಂದ ಜಾತಿಗೆ ಕೊಂಚ ಕೊಂಚ ಭಿನ್ನವಾಗುವ ಒಂದು ಸಣ್ಣ ಭಾಗವನ್ನು ಆರಿಸಿಕೊಂಡು ಓದಿ, ಗೊತ್ತಿರುವ ಮರಗಳ ಓದಿನೊಡನೆ ಹೋಲಿಸುತ್ತಾರೆ. ಗ್ವೆಲ್ಫ್‌ನ ಪಾಲ್ ಹೆಬರ್ಟ್ ಎಂಬವರು 2003ರಲ್ಲಿ ಇದಕ್ಕೆ ಡಿ.ಎನ್.ಎ. ಬಾರ್‌ಕೋಡ್ ಎಂದು ಹೆಸರಿಟ್ಟರು. ಅಂಗಡಿಯ ಸಾಮಾನಿನ ಮೇಲಿನ ಗೆರೆಗಳ ಹಾಗೆ ಎಂದು. ಓದುವುದಕ್ಕೆ ಮೊದಲು ಆ ಭಾಗವನ್ನು ಪ್ರತಿ ಮಾಡಿಕೊಳ್ಳಬೇಕು. ಅದಕ್ಕೆ ಇರುವುದು ಕ್ಯಾರಿ ಮುಲ್ಲಿಸ್ 1983ರಲ್ಲಿ ಕಂಡುಹಿಡಿದ ಪಿ.ಸಿ.ಆರ್. ವಿಧಾನ, ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೆಲ್ಲ ಈ ಹೆಸರನ್ನು ಕೇಳಿದವರೇ. ಬಿಸಿಮಾಡಿ ತಣಿಸಿದ ಒಂದೊಂದು ಸುತ್ತಿಗೂ ಪ್ರತಿಗಳು ಇಮ್ಮಡಿಯಾಗುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಒಂದಕ್ಕೆ ನೂರೇಳು ಕೋಟಿ. ಹಿಂದಿನ ಲಿಪಿಕಾರರಿಗೆ ಈ ಯಂತ್ರವೊಂದು ಇದ್ದಿದ್ದರೆ ನಮ್ಮ ಎಷ್ಟು ಕಾವ್ಯಗಳು ಉಳಿಯುತ್ತಿದ್ದವೋ!

ಆದರೆ ತೊಗಟೆ ಹಠಮಾರಿ. ಅದರ ಒಗರಿಗೆ ಕಾರಣವಾದ ಟ್ಯಾನಿನ್ನು ಮುಂತಾದುವು ಡಿ.ಎನ್.ಎ.ಗೆ ಅಂಟಿಕೊಂಡು ಬಿಡುವುದಿಲ್ಲ. ಒಣಗಿ ಚೀಲದಲ್ಲಿ ಬಿದ್ದಿದ್ದ ಕಾಲದಲ್ಲಿ ಎಳೆಯೂ ತುಂಡು ತುಂಡಾಗಿರುತ್ತದೆ. ಗೆದ್ದಲು ತಿಂದ ಓಲೆಯೇ ಸರಿ. ಅಶೋಕದ ಮತ್ತು ಅದಕ್ಕೆ ಬೆರಕೆ ಮಾಡುವ ಮರದ ತೊಗಟೆಗಳಿಂದ ಡಿ.ಎನ್.ಎ.ಯನ್ನು ಬಿಡಿಸಿಕೊಳ್ಳುವ ಕ್ರಮವನ್ನೇ ಒಂದು ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಂಡು ಬೆಳಗಾವಿಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ್ದಾರೆಂದು ಗೆಳೆಯ ಹೇಳಿದನು. ನನ್ನ ಚಕ್ಕೆಯಿಂದ ಮೊದಲ ಸಲ ಏನೂ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಮೂರನೆಯ ಸಲಕ್ಕೆ ಒಂದು ಚಿಕ್ಕ ಸಾಲು ಸಿಕ್ಕಿತು. ಗೆಳೆಯ ಫೋನಿನಲ್ಲಿ ಒಂದು ಕ್ಷಣ ಸುಮ್ಮನಿದ್ದು, "ನಗಬೇಡ. ನಿನ್ನ ಕಿಟಕಿಯಾಚೆಯ ಮರವೇ" ಎಂದನು.

ನಗುವ ಮನಸ್ಸು ನನಗೂ ಇರಲಿಲ್ಲ. ತರಗತಿಯಲ್ಲಿ ಹುಡುಗರಿಗೆ ಅಶೋಕವೆಂದು ತೋರಿಸಿದ ಮರವನ್ನೇ ಮನೆಯಲ್ಲಿ ಆಕೆಗೆ ಅಶೋಕವೆಂದು ಕುಡಿಸಿದ್ದೆ. ಈ ವಿಷಯದಲ್ಲಿ ನನ್ನಷ್ಟು ನಿಷ್ಠನಾದ ಅಧ್ಯಾಪಕ ಸಿಕ್ಕಲಾರ! ವೈದ್ಯೆಯನ್ನು ಕಂಡು ಕೇಳಿದೆ. "ಆ ಕಷಾಯದಿಂದಲೇ ಕೆಡುಕಾಯಿತೆಂದು ನಾನು ಹೇಳಲಾರೆ. ಕಳೆದುಹೋದದ್ದು ಮೂರು ತಿಂಗಳು" ಎಂದರು. ನಿಜವಾದ ಚಕ್ಕೆಯಾಗಿದ್ದರೆ ಗಡ್ಡೆ ಕರಗುತ್ತಿತ್ತೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅಂಗಡಿಯವನಿಗಾದರೂ ತಿಳಿದಿತ್ತೆ? ಅವನಿಗೂ ಯಾರೋ ಚೀಲದಲ್ಲಿ ತುಂಬಿ ಹೆಸರು ಹೇಳಿ ಕೊಟ್ಟಿರಬೇಕು. ಅವನೂ ನನ್ನಂತೆ ಹೆಸರನ್ನು ನಂಬಿದವನೇ ಇರಬಹುದು. ವ್ಯತ್ಯಾಸವಿಷ್ಟೆ: ಅವನು ಅದಕ್ಕೆ ದುಡ್ಡು ತೆಗೆದುಕೊಂಡನು, ನಾನು ಸಂಬಳ ತೆಗೆದುಕೊಂಡೆ.

ಆಮೇಲೆಯೂ ಎರಡು ಮೂರು ಸಲ ಗೆಳೆಯನ ಪ್ರಯೋಗಾಲಯಕ್ಕೆ ಹೋದೆ. ಕಳ್ಳಚಕ್ಕೆಯನ್ನು ಹಿಡಿಯುವುದು ಅವನ ಮುಖ್ಯ ಕೆಲಸವಲ್ಲ. ಘಟ್ಟದ ಹಳ್ಳಗಳ ದಂಡೆಯಲ್ಲಿ ಅಲೆದು, ಉಳಿದಿರುವ ಒಂದೊಂದು ಅಶೋಕದಿಂದಲೂ ಎರಡೆರಡು ಎಲೆ ಕಿತ್ತು, ತೇವ ಹೀರುವ ಸಿಲಿಕದ ಹರಳಿನ ಪೊಟ್ಟಣದಲ್ಲಿಟ್ಟು ತರುತ್ತಾನೆ. ಪೊಟ್ಟಣದ ಮೇಲೆ ಹಳ್ಳದ ಹೆಸರು, ಮರದ ಸಂಖ್ಯೆ. ಅವನಿಗೆ ಬೇಕಾದದ್ದು ಆ ಮರಗಳ ನೆಂಟಸ್ತಿಕೆ. ಇದಕ್ಕೆ ಬಾರ್‌ಕೋಡು ಸಾಲದು. ಎಲ್ಲ ಅಶೋಕಗಳಲ್ಲಿಯೂ ಅದು ಹೆಚ್ಚುಕಡಮೆ ಒಂದೇ ಆಗಿರುತ್ತದೆ. ಬೇರೆಯ ಗುರುತುಗಳು ಬೇಕು.

ಇದನ್ನೂ ನಾನು ನಮ್ಮ ಗ್ರಂಥಸಂಪಾದನೆಯ ಮೂಲಕವೇ ಅರ್ಥಮಾಡಿಕೊಂಡೆ. ಒಂದು ಕಾವ್ಯದ ಹತ್ತು ಓಲೆಪ್ರತಿಗಳಿದ್ದರೆ, ಯಾವ ಪ್ರತಿ ಯಾವುದರ ಮಗು ಎಂಬುದನ್ನು ಸರಿಯಾದ ಪಾಠ ಹೇಳುವುದಿಲ್ಲ, ತಪ್ಪುಗಳು ಹೇಳುತ್ತವೆ. ಎರಡು ಪ್ರತಿಗಳಲ್ಲಿ ಒಂದೇ ವಿಲಕ್ಷಣ ತಪ್ಪಿದ್ದರೆ ಎರಡಕ್ಕೂ ತಾಯಿಪ್ರತಿ ಒಂದೇ ಎಂದು ಊಹಿಸುತ್ತೇವೆ. ಡಿ.ಎನ್.ಎ.ಯಲ್ಲಿ ಕೆಲವು ಕಡೆ ಲಿಪಿಕಾರ ತೊದಲುತ್ತಾನೆ; ಎರಡು ಮೂರು ಅಕ್ಷರಗಳನ್ನೇ ಮತ್ತೆ ಮತ್ತೆ, ಒಂದು ಮರದಲ್ಲಿ ಹತ್ತು ಸಲ, ಇನ್ನೊಂದರಲ್ಲಿ ಹದಿನಾಲ್ಕು ಸಲ ಬರೆದಿರುತ್ತಾನೆ. ಈ ತೊದಲಿಗೆ ಮೈಕ್ರೋಸ್ಯಾಟಲೈಟ್ ಎಂಬ ಆಡಂಬರದ ಹೆಸರಿದೆ. ಪ್ರತಿಯೊಂದು ಮರಕ್ಕೂ ಒಂದು ಎಣಿಕೆ ತಾಯಿಯಿಂದ, ಒಂದು ತಂದೆಯಿಂದ ಬರುವುದರಿಂದ, ಇಂಥ ಹತ್ತು ಸ್ಥಳಗಳನ್ನು ಎಣಿಸಿದರೆ ಯಾರು ಯಾರ ಮಕ್ಕಳೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಕಷ್ಟವಿರುವುದು ಆ ಹತ್ತು ಸ್ಥಳಗಳನ್ನು ಹುಡುಕುವುದರಲ್ಲಿ. ಗ್ರಂಥವನ್ನು ಓದಿ ತೊದಲಿರುವ ಕಡೆಗಳನ್ನು ಗುರುತುಹಾಕಿ, ಒಂದೊಂದರ ಅಕ್ಕಪಕ್ಕದ ಸಾಲಿಗೆ ಸರಿಹೊಂದುವ ಚಿಕ್ಕ ತುಣುಕುಗಳ ಜೋಡಿಯನ್ನು ಮಾಡಿಸಿ, ಪಿ.ಸಿ.ಆರ್. ಯಂತ್ರಕ್ಕೆ ಹಾಕಿ ನೋಡಬೇಕು. ಬಹುಪಾಲು ಕೈಕೊಡುತ್ತವೆ. ಕೆಲವು ಏನನ್ನೂ ಪ್ರತಿ ಮಾಡುವುದಿಲ್ಲ; ಕೆಲವು ಬೇಡದ್ದನ್ನೆಲ್ಲ ಮಾಡುತ್ತವೆ; ಕೆಲವು ಚೊಕ್ಕವಾಗಿ ಬಂದು ಎಲ್ಲ ಮರಗಳಲ್ಲಿಯೂ ಒಂದೇ ಎಣಿಕೆ ತೋರಿಸುತ್ತವೆ. "ಅದೇ ಎಲ್ಲಕ್ಕಿಂತ ಬೇಜಾರು. ತಪ್ಪೇ ಇಲ್ಲದ ಪ್ರತಿ ಕಟ್ಟಿಕೊಂಡು ಏನು ಮಾಡಲಿ?" ಎಂದನು ಗೆಳೆಯ.

ಇಷ್ಟೆಲ್ಲ ಪಾಡು ಏತಕ್ಕೆಂದು ಕೇಳಿದೆ. ಒಂದು ಹಳ್ಳದಲ್ಲಿ ಹತ್ತು ಮರ ಉಳಿದಿವೆಯೆಂದು ಲೆಕ್ಕದವರು ಬರೆದುಕೊಂಡು ಹೋಗುತ್ತಾರಂತೆ. ಆ ಹತ್ತೂ ಒಂದೇ ತಾಯಿಯ ಮಕ್ಕಳಾದರೆ ಮುಂದಿನ ಬೀಜ ಅಣ್ಣತಂಗಿಯರ ಬೀಜ. ಪೀಳಿಗೆ ಕಳೆದಂತೆಲ್ಲ ಅದು ಸೊರಗುತ್ತದೆ. ಇನ್ನು ನಾವು ಉತ್ಸಾಹದಿಂದ ನೆಡುವ ಸಸಿಗಳೋ? ನರ್ಸರಿಯವರು ಕೈಗೆಟುಕುವ ಒಂದೇ ಮರದ ಕೆಳಗೆ ಬೀಜ ಆಯ್ದು ಸಾವಿರ ಸಸಿ ಮಾಡಿರಬಹುದು. ಎಲ್ಲಿಯ ಮರವನ್ನು ಸುಲಿಯದೆ ಉಳಿಸಬೇಕು, ಎಲ್ಲಿಯ ಬೀಜವನ್ನು ಎಲ್ಲಿ ನೆಡಬೇಕು ಎಂಬುದಕ್ಕೆ ಈ ತೊದಲಿನ ಎಣಿಕೆಯೇ ಆಧಾರ. ಕಳೆದ ವರ್ಷ ಅವನು ಗುರುತುಹಾಕಿ ಬಂದಿದ್ದ ಮರವೊಂದರ ಬಳಿಗೆ ಈ ವರ್ಷ ಹೋದರೆ ನೆಲದಿಂದ ಆಳೆತ್ತರದವರೆಗೆ ತೊಗಟೆಯಿರಲಿಲ್ಲವಂತೆ. ಎಲೆಯ ಪೊಟ್ಟಣ ಮಾತ್ರ ಅವನ ಪೆಟ್ಟಿಗೆಯಲ್ಲಿತ್ತು.

ಮಾರ್ಚ್ ತಿಂಗಳ ಒಂದು ಭಾನುವಾರ ನನ್ನಾಕೆಯನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಗೆಳೆಯ ಜಾಗ ಹೇಳಿದ್ದನು. ಶಿರಸಿಯ ಹುಡುಗಿ ಹೇಳಿದ್ದು ಸರಿ. ಹೂವು ತುದಿಗಾಗಿ ಕಾಯದೆ ಹಳೆಯ ಕೊಂಬೆಗೇ ಕಚ್ಚಿಕೊಂಡು ಕುಳಿತಿತ್ತು. ಹಳದಿ, ಕೇಸರಿ, ಕೆಂಪು ಒಂದೇ ಗೊಂಚಲಿನಲ್ಲಿ. ಹೊರಗೆ ಚಾಚಿದ ಉದ್ದನೆಯ ಕೇಸರಗಳು. ಎಳೆಯ ಎಲೆಗಳು ತಾಮ್ರದ ಬಣ್ಣದ ಬಟ್ಟೆ ಒಣಹಾಕಿದಂತೆ ಜೋತುಬಿದ್ದಿದ್ದವು. ಆಕೆ ಬಹಳ ಹೊತ್ತು ನೋಡಿ, ಸುತ್ತಮುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಚಪ್ಪಲಿಯಿಂದ ಕಾಲನ್ನು ಅರ್ಧ ತೆಗೆದಳು. ಆಮೇಲೆ ಏನೆನ್ನಿಸಿತೋ, ಮತ್ತೆ ಹಾಕಿಕೊಂಡಳು.

"ಪಾಪ, ಅದಕ್ಕೆ ಬಿದ್ದಿರುವುದು ಸಾಕು" ಎಂದಳು.

ಬರುವಾಗ ನರ್ಸರಿಯೊಂದರಿಂದ ಮೊಳಕಾಲುದ್ದದ ಸಸಿಯನ್ನು ತಂದೆವು. ಅಶೋಕವೇ ಸರಿ; ಎಲೆಯನ್ನು ಈಗ ನಾನೂ ಗುರುತಿಸಬಲ್ಲೆ. ಮನೆಯ ಹಿಂದೆ ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದೇವೆ. ಅದರ ಎರಡು ಕಿರುಎಲೆಗಳನ್ನು ಸಿಲಿಕದ ಪೊಟ್ಟಣದಲ್ಲಿಟ್ಟು, ಮೇಲೆ 'ಆನೇಕಲ್, 1' ಎಂದು ಬರೆದು ಗೆಳೆಯನಿಗೆ ಕಳುಹಿಸಿದೆ. ಯಾವ ಹಳ್ಳದ, ಯಾವ ತಾಯಿಯ ಮಗು ಎಂಬುದು ಅವನ ಎಣಿಕೆ ಮುಗಿದ ಮೇಲೆ ತಿಳಿಯಬೇಕು. ಮಳೆಗಾಲದೊಳಗೆ ಹೇಳುತ್ತೇನೆ ಎಂದಿದ್ದಾನೆ. ನನ್ನಾಕೆ ದಿನವೂ ಬೆಳಿಗ್ಗೆ ಕಾಫಿಯ ಲೋಟವನ್ನು ಹಿಡಿದುಕೊಂಡು ಹೋಗಿ ಅದರ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಾಳೆ. ಅಟ್ಟದ ಮೇಲಿನ ಡಬ್ಬಿಯನ್ನು ತೊಳೆದು ಅದರಲ್ಲಿ ಹುಣಿಸೆಹಣ್ಣು ತುಂಬಿದ್ದಾಳೆ. ನನ್ನ ಅಕ್ಷರವನ್ನು ಮಾತ್ರ ಇನ್ನೂ ಅಳಿಸಿಲ್ಲ.